ಆರನೆಯ ದಿನದ ಕಂಕುಳು

ನಮ್ಮ ಚಿಕ್ಕಮ್ಮನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹುಟ್ಟುಗುಣವೇನಲ್ಲ, ಉದ್ಯೋಗದಿಂದ ಬಂದದ್ದು. ಇಪ್ಪತ್ತೆರಡು ವರ್ಷಗಳಿಂದ ಅವಳು ಜನರ ಕಂಕುಳು ಮೂಸುವ ನೌಕರಿಯಲ್ಲಿದ್ದಾಳೆ. ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ನಮಗೆಲ್ಲ ಹವ್ಯಾಸ. ಅವಳಿಗೆ ಅದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗಿನ ಡ್ಯೂಟಿ.

ಹಾಸ್ಯಕ್ಕೆ ಹೇಳುತ್ತಿಲ್ಲ. ಔಷಧದ ಗೋದಾಮೊಂದರ ಮೇಲೆ, ನಾಲ್ಕನೆಯ ಮಹಡಿಯಲ್ಲಿ, ಸಾಬೂನು, ಡಿಯೋಡರಂಟುಗಳನ್ನು ಪರೀಕ್ಷಿಸುವ ಲ್ಯಾಬ್ ಇದೆ. ಅಲ್ಲಿ ಕಿಟಕಿಯಿಲ್ಲದ ಬಿಳಿ ಕೋಣೆ, ನಾಲ್ಕು ಸ್ಟೂಲು, ಒಂದು ಗಡಿಯಾರ. ಪರೀಕ್ಷೆಗೆ ಒಪ್ಪಿಕೊಂಡ ಸ್ವಯಂಸೇವಕರು ತೋಳಿಲ್ಲದ ಗೌನು ತೊಟ್ಟು ಸ್ಟೂಲಿನ ಮೇಲೆ ಕೂತು ಕೈ ಎತ್ತುತ್ತಾರೆ. ಚಿಕ್ಕಮ್ಮ ತಳ ಕತ್ತರಿಸಿದ ಕಾಗದದ ಲೋಟವನ್ನು ಅವರ ಕಂಕುಳಿಗೆ ಹಿಡಿದು, ಈ ತುದಿಯಲ್ಲಿ ಮೂಗಿಟ್ಟು, ಎರಡು ಸಲ ಚುಟುಕಾಗಿ ಉಸಿರೆಳೆಯುತ್ತಾಳೆ. ಆಮೇಲೆ ಹಾಳೆಯ ಮೇಲೆ ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕ. ಮುಂದಿನವರ ಬಳಿ ಹೋಗುವ ಮೊದಲು ತನ್ನ ಮೊಣಕೈಯ ಒಳಬದಿಯನ್ನೇ ಒಮ್ಮೆ ಮೂಸಿಕೊಳ್ಳುತ್ತಾಳೆ. ಸ್ಲೇಟು ಒರೆಸಿದ ಹಾಗೆ, ಮೂಗು ಮತ್ತೆ ಖಾಲಿ.

ಜನ ಬಾಯಲ್ಲಿ ಹೇಳುವುದಕ್ಕೂ ಕಂಕುಳಲ್ಲಿ ಹೇಳುವುದಕ್ಕೂ ಸಂಬಂಧವೇ ಇರುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಕಂಡುಕೊಂಡ ಸತ್ಯ. ಲ್ಯಾಬು ಕೊಟ್ಟ ವಾಸನೆಯಿಲ್ಲದ ಸಾಬೂನಿನಲ್ಲೇ ಮಿಂದೆ ಎಂದು ಸಹಿ ಹಾಕುತ್ತಾರೆ. ಮೈಯಿಂದ ಗುಲಾಬಿ ತೋಟದ ವಾಸನೆ ಬರುತ್ತದೆ. ಸಿಗರೇಟು ಬಿಟ್ಟು ತಿಂಗಳಾಯಿತು ಎನ್ನುತ್ತಾರೆ. ತಿಂಗಳಿರಲಿ, ಹತ್ತು ನಿಮಿಷವೂ ಆಗಿರುವುದಿಲ್ಲ. ಹೀಗಾಗಿ ಅವಳು ಮನೆಯಲ್ಲೂ ಯಾರ ಮಾತಿಗೂ ಕಿವಿಗೊಡುವುದಿಲ್ಲ, ಮೂಗು ಕೊಡುತ್ತಾಳೆ. ನಾವು ಚಿಕ್ಕವರಿದ್ದಾಗ ಅವಳ ಮನೆಗೆ ಹೋದರೆ ಮೊದಲು ತಬ್ಬಿಕೊಳ್ಳುತ್ತಿದ್ದಳು. ಅದು ಪ್ರೀತಿಯೋ ತಪಾಸಣೆಯೋ ಇಂದಿಗೂ ತೀರ್ಮಾನವಾಗಿಲ್ಲ.

ಚಿಕ್ಕಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಚಿಕ್ಕಮ್ಮ ಅವನ ಕೈಗೆ ಕಂಕುಳ ಬೆವರು ತಡೆಯುವ ರೋಲ್-ಆನ್ ಶೀಶೆಯೊಂದನ್ನು ಕೊಟ್ಟು, ದಿನವೂ ಹಚ್ಚಬೇಕೆಂದು ಕಟ್ಟು ಮಾಡಿದ್ದಳು. ಲ್ಯಾಬಿನಲ್ಲಿ ಮೂಸಿದ್ದು ಸಾಲದೆ ಮನೆಗೂ ಬಂದು ಮೂಸಬೇಕೆ ಎಂಬುದು ಅವಳ ವಾದ. ಪಾಪ, ಅವನು ಬೇರೆಯವರಿಗೆ ಹಾಕಿದ ಕಟ್ಟು ಸಡಿಲವಾದದ್ದುಂಟು, ಈ ಕಟ್ಟು ಸಡಿಲವಾಗಲಿಲ್ಲ.

ಈ ವರ್ಷ ಲ್ಯಾಬಿಗೆ ಒಬ್ಬ ಹೊಸ ಡಾಕ್ಟರಮ್ಮ ಬಂದಳು. ಮೂವತ್ತರ ಆಸುಪಾಸು, ಸಣ್ಣ ದನಿ. ಅವಳಿಗೆ ಬೇಕಾದದ್ದು ವಾಸನೆಯಲ್ಲ, ವಾಸನೆ ಮಾಡುವವರು. ಬೆವರಿಗೆ ತನ್ನದೇ ವಾಸನೆ ಅಷ್ಟೇನೂ ಇಲ್ಲವಂತೆ. ಕಂಕುಳ ಚರ್ಮದಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಗಳು ಬಿಡಾರ ಹೂಡಿರುತ್ತವೆ. ಬೆವರನ್ನು ಅವು ಉಂಡು ಅರಗಿಸಿಕೊಂಡಾಗ ಹೊರಡುವುದನ್ನೇ ನಾವು ಬೆವರುನಾತ ಎನ್ನುತ್ತೇವೆ. ಡಿಯೋಡರಂಟು ಆ ನಾತವನ್ನು ಮುಚ್ಚುತ್ತದೆ, ಬ್ಯಾಕ್ಟೀರಿಯಗಳಿಗೂ ಒಂದಿಷ್ಟು ಕಿರುಕುಳ ಕೊಡುತ್ತದೆ. ಬೆವರನ್ನೇ ತಡೆಯುವ ಆಂಟಿಪರ್ಸ್ಪಿರಂಟು ಬೆವರಿನ ನಲ್ಲಿಗೇ ಬಿರಟೆ ಜಡಿಯುತ್ತದೆ. ವರ್ಷಗಟ್ಟಲೆ ಹೀಗೆ ಅನ್ನನೀರು ಕಡಿದರೆ ಅಲ್ಲಿದ್ದವರ ಗತಿಯೇನು? ಹಚ್ಚುವುದನ್ನು ನಿಲ್ಲಿಸಿದರೆ ಹಳಬರೇ ವಾಪಸು ಬರುತ್ತಾರೋ, ಬೇರೆ ಯಾರೋ ಬಂದು ಸೇರಿಕೊಳ್ಳುತ್ತಾರೋ? ಇದು ಅವಳ ಪ್ರಶ್ನೆ.

ಅದಕ್ಕಾಗಿ ಏನೂ ಹಚ್ಚದವರ ಪರೀಕ್ಷೆಯನ್ನು ಹಿಂದಿನ ತಿಂಗಳೇ ಮುಗಿಸಿ, ಈಗ ದಿನವೂ ಹಚ್ಚುವವರನ್ನು ಒಬ್ಬೊಬ್ಬರಾಗಿ ಕರೆಸುತ್ತಿದ್ದರು. ಎಂಟು ದಿನ ಏನೂ ಹಚ್ಚುವಂತಿಲ್ಲ. ದಿನವೂ ಬಂದು ಹತ್ತಿಕಡ್ಡಿಯಿಂದ ಕಂಕುಳು ಒರೆಸಿಸಿಕೊಳ್ಳಬೇಕು. ಅದರಲ್ಲಿ ಯಾವ ಬ್ಯಾಕ್ಟೀರಿಯ ಸಿಕ್ಕಿತೆಂಬುದು ಎರಡು ವಾರದ ನಂತರ ತಿಳಿಯುತ್ತದೆ. ಹತ್ತಿಕಡ್ಡಿಯೇ ಮುಖ್ಯ ಸಾಕ್ಷಿಯಾದ್ದರಿಂದ ಜೊತೆಗೆ ಒಂದೇ ಮೂಗು ಸಾಕೆಂದು ಚಿಕ್ಕಮ್ಮನನ್ನು ಹಾಕಿದರು. ಎಂಬತ್ತು ಕಂಕುಳನ್ನೂ ನೋಡಿದವಳಲ್ಲ ಈ ಡಾಕ್ಟರಮ್ಮ ಎಂದು ಚಿಕ್ಕಮ್ಮ ಅವಳ ಮೇಲೂ ಒಂದು ಕಣ್ಣಿಟ್ಟಳು.

ದಿನವೂ ಹಚ್ಚುವವರಲ್ಲಿ ಮೊದಲು ಬಂದವನು ಒಬ್ಬ ಲಿಫ್ಟ್ ಮೆಕ್ಯಾನಿಕ್. ಆರಡಿ ಆಳು, ಮೆಲುಮಾತು. ಲಿಫ್ಟೆಂದರೆ ಡಬ್ಬಿಯಂಥ ಜಾಗ, ಅದರೊಳಗೆ ಮೂರು ಜನ ಸಿಕ್ಕಿಕೊಂಡರೆ ಬಿಡಿಸಲು ತಾನು ಇಳಿಯಬೇಕು, ಅವರಿಗೆ ತನ್ನಿಂದ ಇನ್ನೊಂದು ಕಷ್ಟ ಬೇಡ ಎಂದು ಹದಿನೇಳು ವರ್ಷದಿಂದ ಒಂದು ದಿನವೂ ತಪ್ಪದೆ ಆಂಟಿಪರ್ಸ್ಪಿರಂಟು ಹಚ್ಚುತ್ತಿದ್ದನಂತೆ. ಇಷ್ಟು ಸಭ್ಯತೆ ಕೇಳಿದೊಡನೆ ಚಿಕ್ಕಮ್ಮನಿಗೆ ಮೋಸದ ವಾಸನೆ ಬಡಿಯಿತು.

ಮೊದಲ ದಿನ ಸೊನ್ನೆ. ಎರಡನೆಯ ದಿನ ಸೊನ್ನೆ. ಅದು ಸರಿಯೇ. ಮೂರು, ನಾಲ್ಕರಲ್ಲಿ ಮೇಲೇರಬೇಕು, ಏರಲಿಲ್ಲ. ಆರನೆಯ ದಿನ ಬರಿಯ ಕಂಕುಳೆಂದರೆ ಏಳಕ್ಕೆ ಕಡಿಮೆ ಬಂದದ್ದನ್ನು ಅವಳು ಕಂಡೇ ಇರಲಿಲ್ಲ. ಆರನೆಯ ದಿನ ಲೋಟ ಹಿಡಿದಳು, ಎರಡು ಉಸಿರೆಳೆದಳು, ಮೊಣಕೈ ಮೂಸಿಕೊಂಡಳು, ಮತ್ತೆ ಎರಡು ಎಳೆದಳು. ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹಾಳೆಯಲ್ಲಿ ‘ಒಂದು’ ಎಂದು ಬರೆದಳು. ಪಕ್ಕದಲ್ಲಿ ಷರಾ ಎಂಬ ಕಿರಿದಾದ ಅಂಕಣವಿದೆ. ಗಾಯವಿದ್ದರೆ, ಕೂದಲು ಬೋಳಿಸಿದ್ದರೆ ಬರೆಯಲಿಕ್ಕೆ. ಅಲ್ಲಿ ಬರೆದಳು: ಕದ್ದು ಹಚ್ಚಿದ್ದಾನೆ.

ಅಂಥ ಷರಾ ಬಿದ್ದರೆ ಆ ಮನುಷ್ಯನನ್ನು ಅಂದೇ ಕೈಬಿಡಬೇಕೆಂಬುದು ಲ್ಯಾಬಿನ ನಿಯಮ. ಡಾಕ್ಟರಮ್ಮ ಆ ದಿನದ ಹತ್ತಿಕಡ್ಡಿ ತೆಗೆದುಕೊಂಡು ವಿಷಯ ತಿಳಿಸಿದಳು. ಮೆಕ್ಯಾನಿಕ್ ಗೌನು ಬಿಚ್ಚಿ, ಮಡಚಿ, ಸ್ಟೂಲಿನ ಮೇಲಿಟ್ಟ. ಚಿಕ್ಕಮ್ಮನ ಕಡೆ ತಿರುಗಿ, “ನಾನು ಸುಳ್ಳು ಹೇಳೋನಲ್ಲ ಮೇಡಂ. ಆರು ದಿನದಿಂದ ಲಿಫ್ಟಲ್ಲಿ ಗೋಡೆ ಕಡೆ ತಿರುಗಿ ನಿಂತ್ಕೋತಿದ್ದೀನಿ, ನಿಮ್ಮ ಪರೀಕ್ಷೆಗೋಸ್ಕರ,” ಎಂದ.

“ಎಲ್ರೂ ಹೀಗೇ ಹೇಳೋದು,” ಎಂದಳು ಚಿಕ್ಕಮ್ಮ.

ಅವನು ಹೋದ ಮೇಲೆ ಡಾಕ್ಟರಮ್ಮ ಹತ್ತಿಕಡ್ಡಿಯ ಕೊಳವೆಗೆ ಚೀಟಿ ಅಂಟಿಸುತ್ತ, ತಲೆಯೆತ್ತದೆ ಕೇಳಿದಳು: “ಆಂಟೀ, ವಾಸನೆ ಇರ್ಲಿಲ್ವಾ, ಇಲ್ಲಾ ನಿಮಗೆ ಬರ್ಲಿಲ್ವಾ?”

ಇಪ್ಪತ್ತೆರಡು ವರ್ಷ ಎಲ್ಲರ ಬೆವರಿಳಿಸಿದವಳು ಆ ಕ್ಷಣ ತಾನೇ ಬೆವರಿದಳು. ಕಾರಣವಿತ್ತು. ಮೂಸುವವರಿಗೆ ನೆಗಡಿಯಾದರೆ ತಿಳಿಸಬೇಕು, ಎರಡು ವಾರ ಕೋಣೆಗೆ ಕಾಲಿಡಬಾರದು. ಹಿಂದಿನ ವಾರ ಚಿಕ್ಕಮ್ಮನಿಗೆ ಮೂರು ದಿನ ನೆಗಡಿಯಾಗಿತ್ತು. ಅವಳು ಹೇಳಿರಲಿಲ್ಲ. ಐವತ್ತಾರು ದಾಟಿದ ಮೂಗಿನ ವಿಷಯದಲ್ಲಿ ಒಂದು ಸಲ ಅನುಮಾನ ಬಂದರೆ ಮುಗಿಯಿತು, ಕಡತಗಳ ಕೋಣೆಗೆ ಹಾಕುತ್ತಾರೆ. ಅವಳ ಜೊತೆಗೆ ಸೇರಿದ ಇಬ್ಬರು ಈಗಾಗಲೇ ಅಲ್ಲಿ ಧೂಳು ಮೂಸುತ್ತಿದ್ದರು. ಹಾಗಾಗಿ ಲೆಕ್ಕ ಸರಳವಾಗಿತ್ತು: ಒಂದೋ ಮೆಕ್ಯಾನಿಕ್ ಸುಳ್ಳ, ಇಲ್ಲವೋ ತನ್ನ ಮೂಗು ಸತ್ತಿದೆ. ಅವನು ಸುಳ್ಳನಾಗುವುದೇ ಅವಳಿಗೆ ಕ್ಷೇಮ.

ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಮೂಸಿದಳು. ಎಲ್ಲ ಬಂತು. ಆದರೆ ನೂರು ವಾಸನೆ ಬಂದರೂ ಒಂದೇ ಒಂದನ್ನು ಕಳೆದುಕೊಂಡ ಮೂಗುಗಳನ್ನು ಅವಳು ಲ್ಯಾಬಿನಲ್ಲಿ ಕಂಡಿದ್ದಳು. ಬೇಕಾದದ್ದು ಕಂಕುಳು. ಅದೂ ಆರು ದಿನ ಕಣ್ಗಾವಲಿನಲ್ಲಿ ಇಡಬಹುದಾದ ಕಂಕುಳು. ಆಗ ಚಿಕ್ಕಪ್ಪ ಅಂಗಡಿ ಮುಚ್ಚಿ ಒಳಗೆ ಬಂದ.

“ರೀ, ನಾಳೆಯಿಂದ ಹಚ್ಚಬೇಡಿ.”

“ಏನಾಯ್ತೇ?”

“ಕೇಳಬೇಡಿ. ಆರು ದಿನ.”

ಚಿಕ್ಕಪ್ಪ ಬೆಕ್ಕಸಬೆರಗಾದ. ಶೀಶೆಯನ್ನು ಅವಳು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀಗ ತೆಗೆದು ಹಚ್ಚಿಕೊಂಡರೆ ಗೊತ್ತಾಗಲೆಂದು, ಒಳಗಿನ ದ್ರವದ ಮಟ್ಟಕ್ಕೆ ಸರಿಯಾಗಿ ಶೀಶೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ದಿನಾ ಮಧ್ಯಾಹ್ನ ಅಂಗಡಿಗೆ ಹೋಗಿ ಗಾಜಿನ ಚೂರು, ಮೊಳೆ, ಅಂಟಿನ ಡಬ್ಬಗಳ ಹಿಂದೆಲ್ಲ ಕೈಯಾಡಿಸಿದಳು. ಗಿರಾಕಿಯೊಬ್ಬರು ಏನು ಕಳೆದಿದೆ ಎಂದು ಕೇಳಿದಾಗ, ನನ್ನ ಮೇಲಿನ ನಂಬಿಕೆ ಎಂದು ಚಿಕ್ಕಪ್ಪ ಗಾಜು ಒರೆಸುತ್ತಲೇ ಹೇಳಿದನಂತೆ.

ಆರನೆಯ ದಿನ ಬೆಳಿಗ್ಗೆ ಚಿಕ್ಕಪ್ಪನನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಕೈ ಎತ್ತಿಸಿದಳು. ಕಾಗದದ ಲೋಟ, ಎರಡು ಉಸಿರು, ಮೊಣಕೈ, ಮತ್ತೆರಡು ಉಸಿರು. ಏನೂ ಇಲ್ಲ. ಒಂದೂವರೆ ಎನ್ನಬಹುದು, ಅದೂ ಗಂಡನೆಂಬ ದಾಕ್ಷಿಣ್ಯಕ್ಕೆ.

“ಎಲ್ಲಿಟ್ಟಿದ್ದೀರಿ ಇನ್ನೊಂದು ಶೀಶೆ?”

ಚಿಕ್ಕಪ್ಪ ಕೈ ಇಳಿಸಿದ. ಅವನಿಗೆ ಕೋಪ ಬರುವುದು ಅಪರೂಪ. ಬಂದಾಗ ದನಿ ಇನ್ನೂ ತಗ್ಗುತ್ತದೆ. “ಇಪ್ಪತ್ತೆರಡು ವರ್ಷ ಹಚ್ಚು ಅಂದೆ, ಹಚ್ಚಿದೆ. ಆರು ದಿನ ಬೇಡ ಅಂದೆ, ಬಿಟ್ಟೆ. ವಾಸನೆ ಬರ್ಲಿಲ್ಲ ಅಂದ್ರೂ ನಂದೇ ತಪ್ಪಾ? ಬರೋ ಹಾಗೆ ಮಾಡೋದು ಹ್ಯಾಗೆ ಅಂತಾದ್ರೂ ಹೇಳು.”

ಅವಳು ಹೋಗಿ ಬೀರು ತೆಗೆದಳು. ಪೆನ್ಸಿಲ್ ಗೆರೆ ನೋಡಿದಳು. ದ್ರವ ಗೆರೆಯಲ್ಲೇ ನಿಂತಿತ್ತು. ಹಾಗಾದರೆ ಸತ್ತದ್ದು ಮೂಗೇ. ಆಗ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರ ನೆನಪಾಯಿತು. ನಿವೃತ್ತರು, ಒಂಟಿ. ಡಿಯೋಡರಂಟು ಎಂಬುದು ಹೆಂಗಸರ ಕಾಯಿಲೆಯ ಹೆಸರೆಂದು ತಿಳಿದವರು. ಜೀವಮಾನದಲ್ಲಿ ಏನನ್ನೂ ಹಚ್ಚಿದವರಲ್ಲ. ಅವಳು ಅವರನ್ನು ಕರೆದು ಅಟ್ಟದ ಮೇಲಿನ ಖಾಲಿ ಡಬ್ಬವೊಂದನ್ನು ಇಳಿಸಿಕೊಡಲು ಕೇಳಿಕೊಂಡಳು. ಮೇಷ್ಟ್ರು ತುದಿಗಾಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದರು.

ಅಂಕ ಎಂಟೂವರೆ. ಲೋಟ ಬೇಕಾಗಲಿಲ್ಲ.

ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಅದು ವಾಸನೆಗೋ ಸಂತೋಷಕ್ಕೋ ಎಂದು ಆಮೇಲೆ ಕೇಳಿದೆವು, ಎರಡಕ್ಕೂ ಎಂದಳು. ಮೇಷ್ಟ್ರು ಮಾತ್ರ ಒಂದು ಖಾಲಿ ಡಬ್ಬಕ್ಕೆ ಇಷ್ಟೊಂದು ಕೃತಜ್ಞತೆ ಯಾಕೆಂದು ಅನುಮಾನದಿಂದಲೇ ಮನೆಗೆ ಹೋದರು.

ಆದರೆ ಸಂತೋಷ ಕಾಲುಗಂಟೆಯೂ ಉಳಿಯಲಿಲ್ಲ. ಮೂಗು ಬದುಕಿದೆ. ಶೀಶೆ ಇಳಿದಿಲ್ಲ. ಹಾಗಾದರೆ ಚಿಕ್ಕಪ್ಪನ ಕಂಕುಳಲ್ಲಿ ನಿಜವಾಗಿಯೂ ವಾಸನೆಯಿಲ್ಲ. ಚಿಕ್ಕಪ್ಪ ಮೋಸ ಮಾಡದೆ ವಾಸನೆಯಿಲ್ಲದವನಾಗಿರಬಹುದಾದರೆ, ಹದಿನೇಳು ವರ್ಷ ಹಚ್ಚಿದ ಇನ್ನೊಬ್ಬನೂ ಆಗಿರಬಹುದಲ್ಲ? ಇಪ್ಪತ್ತೆರಡು ವರ್ಷದಲ್ಲಿ ಅವಳು ಮೂಸಿದ ಬರಿಯ ಕಂಕುಳುಗಳೆಲ್ಲ ಏನೂ ಹಚ್ಚದವರವು, ಅಷ್ಟಿಷ್ಟು ಹಚ್ಚುವವರವು, ಆಗೀಗ ಬಿಡುವವರವು. ಒಂದು ದಿನವೂ ತಪ್ಪದವರು ಬರಿಯ ಕಂಕುಳ ಪರೀಕ್ಷೆಗೆ ಯಾಕೆ ಬಂದಾರು? ಏಳಕ್ಕೆ ಕಡಿಮೆಯಿದ್ದರೆ ಮೋಸ ಎಂಬ ನಿಯಮವನ್ನು ಲ್ಯಾಬು ಮಾಡಿರಲಿಲ್ಲ. ಅವಳೇ ತನ್ನ ಮೂಗಿನ ನೇರಕ್ಕೆ ಮಾಡಿಕೊಂಡಿದ್ದಳು.

ಎಂಟು ದಿನ ಬಿಟ್ಟು ಹತ್ತಿಕಡ್ಡಿಯ ಫಲಿತಾಂಶ ಬಂತು. ಡಾಕ್ಟರಮ್ಮ ಚಿಕ್ಕಮ್ಮನನ್ನು ಕೂರಿಸಿಕೊಂಡು ತೋರಿಸಿದಳು. ಮೆಕ್ಯಾನಿಕ್ಕನ ಕಂಕುಳಲ್ಲಿ ಮೊದಲ ದಿನ ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಆರನೆಯ ದಿನಕ್ಕೆ ಬ್ಯಾಕ್ಟೀರಿಯಗಳು ಧಾರಾಳವಾಗಿ ಸೇರಿಕೊಂಡಿದ್ದವು. ಕದ್ದು ಹಚ್ಚಿದ್ದರೆ ಅಷ್ಟು ಬೆಳೆಯುತ್ತಿರಲಿಲ್ಲ. ಆದರೆ ಬಂದವರು ಬೇರೆಯವರು. ಏನೂ ಹಚ್ಚದವರ ಕಂಕುಳಲ್ಲಿ ಮನೆತುಂಬ ಇರುವ, ಗಡದ್ದಾಗಿ ನಾತ ಹೊರಡಿಸುವ ಸಂಸಾರದವರು ಇಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ಖಾಲಿ ಬಿದ್ದ ಮನೆಗೆ ಅಷ್ಟಾಗಿ ವಾಸನೆ ಮಾಡದ ಬೇರೊಂದು ಕುಲದವರು ಬಂದು ತುಂಬಿದ್ದರು.

“ಹಾಗಾದ್ರೆ ವರ್ಷಗಟ್ಟಲೆ ಹಚ್ಚಿದ್ರೆ ಎಲ್ರಿಗೂ ಹೀಗೇನಾ?” ಎಂದು ಚಿಕ್ಕಮ್ಮ ಕೇಳಿದಳು.

“ಗೊತ್ತಿಲ್ಲ ಆಂಟೀ. ಒಬ್ಬನನ್ನು ನೋಡಿ ಹೇಳೋಕಾಗಲ್ಲ. ಹಳಬರು ನಿಧಾನಕ್ಕೆ ವಾಪಸು ಬರ್ತಾರೋ ಏನೋ, ಇದು ಒಳ್ಳೇದೋ ಕೆಟ್ಟದ್ದೋ, ಅದೂ ಗೊತ್ತಿಲ್ಲ. ಏಳು, ಎಂಟನೇ ದಿನದ ಕಡ್ಡಿ ಇದ್ದಿದ್ರೆ ಇನ್ನಷ್ಟು ಹೇಳಬಹುದಿತ್ತು.”

ಅದು ಇರಲಿಲ್ಲ. ಹೊರಗೆ ಕಳಿಸಿದ ದಿನವೇ ಮೆಕ್ಯಾನಿಕ್ ಮತ್ತೆ ಹಚ್ಚತೊಡಗಿದ್ದ. ಇನ್ನು ಕರೆಸಿ ಪ್ರಯೋಜನವಿರಲಿಲ್ಲ. ಡಾಕ್ಟರಮ್ಮ ಇದಕ್ಕೆ ಯಾರನ್ನೂ ದೂರಲಿಲ್ಲ. ದೂರಿದ್ದರೆ ಚಿಕ್ಕಮ್ಮನಿಗೆ ಸಲೀಸಾಗುತ್ತಿತ್ತು, ಜಗಳ ಆಡಬಹುದಿತ್ತು.

ಲ್ಯಾಬಿನ ಹಾಳೆಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಕೆಳಗೆ ಹೊಸ ಸಾಲು ಬರೆದು, ಕಾರಣ ಕೊಟ್ಟು, ಸಹಿ ಮಾಡಬೇಕು. ಚಿಕ್ಕಮ್ಮ ಬರೆದಳು: ‘ಆರನೆಯ ದಿನದ ಅಂಕ ಸರಿ. ಷರಾ ತಪ್ಪು. ಕಾರಣ: ಮೂಸಿ ಬರೆದದ್ದಲ್ಲ, ಊಹಿಸಿ ಬರೆದದ್ದು.’ ಪೆನ್ನು ಕೆಳಗಿಡಲು ಹೋಗಿ, ಇಡದೆ, ಇನ್ನೊಂದು ಸಾಲು ಸೇರಿಸಿದಳು: ‘ಅದರ ಹಿಂದಿನ ವಾರದ ನೆಗಡಿಯನ್ನು ತಿಳಿಸಿರಲಿಲ್ಲ.’ ಇದರಿಂದ ಅವಳ ಮೂಗಿನ ವಾರ್ಷಿಕ ಪರೀಕ್ಷೆ ಆ ವಾರವೇ ನಡೆಯಿತು. ಪಾಸಾದಳು. ಆದರೂ ಇನ್ನು ಮೇಲೆ ಅವಳ ಜೊತೆಗೆ ಇನ್ನೊಂದು ಮೂಗು ಇರತಕ್ಕದ್ದೆಂದು ಆಜ್ಞೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅನುಮಾನ ಅವಳ ಕಡೆಗೆ ಮುಖ ಮಾಡಿ ಕೂತಿತು.

ಆ ಸಾಲುಗಳ ನಕಲು ಮಾಡಿಸಿಕೊಂಡು ಅವಳು ಮೆಕ್ಯಾನಿಕ್ಕನನ್ನು ಹುಡುಕಿಕೊಂಡು ಹೋದಳು. ಒಂಬತ್ತು ಮಹಡಿಯ ಆಫೀಸು ಕಟ್ಟಡವೊಂದರ ಲಿಫ್ಟು ಕೆಟ್ಟಿತ್ತು. ಅವನು ಆರನೆಯ ಮಹಡಿಯಲ್ಲಿದ್ದ. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಚಿಕ್ಕಮ್ಮನ ರವಿಕೆ ತೊಯ್ದು ಬೆನ್ನಿಗಂಟಿತ್ತು. ಅವನು ಬಾಗಿಲ ಸಂದಿಯಿಂದ ಎಣ್ಣೆಗೈಯೊಂದಿಗೆ ಎದ್ದುಬಂದ. ಗುರುತು ಹಿಡಿದ, ನಗಲಿಲ್ಲ.

ಅವಳು ಕಾಗದ ಕೊಟ್ಟಳು. ಅವನು ಕೈಯನ್ನು ಚಿಂದಿಗೆ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು, ಎರಡು ಸಲ ಓದಿದ. ಲ್ಯಾಬಿನಿಂದ ಕಳಿಸಿದ ದಿನ ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ, ಅಷ್ಟು ದೊಡ್ಡ ಲ್ಯಾಬಿನವರು ಸುಮ್ಮಸುಮ್ಮನೆ ಹೇಳುತ್ತಾರಾ ಎಂದು ಅವಳು ಕೇಳಿದಳಂತೆ. ಅಲ್ಲಿಂದ ಅವನು ತಡವಾಗಿ ಬಂದರೂ ಪ್ರಶ್ನೆ, ಬೇಗ ಬಂದರೂ ಪ್ರಶ್ನೆ.

“ಇದನ್ನ ಮನೇಲಿ ತೋರಿಸ್ತೀನಿ,” ಎಂದ. ಮತ್ತೆ ಕಾಗದದ ಕಡೆ ನೋಡಿ, “ಇದರಲ್ಲಿ ‘ಕ್ಷಮಿಸಿ’ ಅಂತ ಎಲ್ಲೂ ಇಲ್ಲ ಮೇಡಂ.”

“ಆ ಹಾಳೇಲಿ ಅದಕ್ಕೆ ಅಂಕಣ ಇಲ್ಲಪ್ಪಾ,” ಎಂದಳು ಚಿಕ್ಕಮ್ಮ, ಇನ್ನೂ ಏದುಸಿರು ಬಿಡುತ್ತ. “ಅದನ್ನ ಹೇಳೋಕೇ ಆರು ಮಹಡಿ ಹತ್ತಿದ್ದು.”

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಲಿಫ್ಟಿನ ಬಾಗಿಲ ಬಳಿಯಿದ್ದ ಉಪಕರಣಗಳ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೊಂದು ಹಳೆಯ ಪೇಪರು ಹಾಸಿದ. “ಕೂತ್ಕೊಳ್ಳಿ. ಇನ್ನು ಹತ್ತು ನಿಮಿಷದಲ್ಲಿ ರೆಡಿ ಆಗುತ್ತೆ. ಇಳಿಯೋವಾಗ ಲಿಫ್ಟಲ್ಲೇ ಹೋಗಿ.”

ಹತ್ತು ನಿಮಿಷದ ಮೇಲೆ ಅವನು ಬಾಗಿಲು ತೆರೆದಾಗ, ಲಿಫ್ಟು ನಿಜವಾಗಿಯೂ ರೆಡಿಯಾಗಿದೆಯೇ ಎಂದು ಚಿಕ್ಕಮ್ಮನಿಗೆ ಅನುಮಾನವಿತ್ತು. ಕೇಳಲಿಲ್ಲ, ಹತ್ತಿದಳು.