ಅಟ್ಟದ ಮೇಲಿನ ಕಂಬಳಿ

ನಮ್ಮ ಮನೆಯ ಬೀರುವಿನಲ್ಲಿ ನನ್ನದೊಂದು ಅಂಗಿ ಇದೆ. ಕೆನೆಹಾಲಿನ ಬಣ್ಣದ್ದು, ಮುಟ್ಟಿದರೆ ಜಾರುವಂಥದ್ದು. ಒಂಬತ್ತು ವರ್ಷದಿಂದ ಅದು ಒಂದು ಒಳ್ಳೆಯ ದಿನಕ್ಕಾಗಿ ಕಾಯುತ್ತಿದೆ. ನಡುವೆ ಮದುವೆಗಳು ಬಂದವು, ಗೃಹಪ್ರವೇಶಗಳು ಬಂದವು. ಪ್ರತಿ ಸಲವೂ ಅದನ್ನು ತೆಗೆದು ಹಾಸಿಗೆಯ ಮೇಲೆ ಹರಡಿ, ಇಷ್ಟು ಒಳ್ಳೆಯ ಅಂಗಿಗೆ ಈ ಮದುವೆ ಸಾಲದು ಎಂದುಕೊಂಡು ಮತ್ತೆ ಮಡಿಸಿ ಇಟ್ಟಿದ್ದೇನೆ. ಹೋದ ದೀಪಾವಳಿಗೆ ಗಟ್ಟಿ ಮನಸ್ಸು ಮಾಡಿ ತೊಟ್ಟುಕೊಂಡೆ. ಗುಂಡಿಗಳು ಎದೆಯವರೆಗೆ ಸಲೀಸಾಗಿ ಬಂದು ಹೊಟ್ಟೆಯ ಹತ್ತಿರ ಮುಷ್ಕರ ಹೂಡಿದವು. ಬೀರುವಿನಲ್ಲಿ ಸುಮ್ಮನೆ ಕೂತರೆ ಬಟ್ಟೆ ಸಣ್ಣದಾಗುತ್ತದೆ ಎಂಬುದು ನನ್ನ ಸಂಶೋಧನೆ. ನನ್ನ ಹೆಂಡತಿ ಸುಜಾತ ಈ ವಿಷಯದಲ್ಲಿ ಬೇರೆಯೇ ಅಭಿಪ್ರಾಯ ಇಟ್ಟುಕೊಂಡಿದ್ದಾಳೆ.

ಒಳ್ಳೆಯ ಬಟ್ಟೆ ಎತ್ತಿಡುವುದಕ್ಕೆ ನನ್ನ ಹತ್ತಿರ ಒಂದು ಗೌರವಯುತವಾದ ನೆಪವೂ ಇದೆ. ನಾನು ಪಶು ಆಸ್ಪತ್ರೆಯವನು. ಡಾಕ್ಟರಲ್ಲ, ಇನ್ಸ್‌ಪೆಕ್ಟರು. ಆದರೂ ಶಿರಾ ಸೀಮೆಯ ಹಳ್ಳಿಗಳಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ ಆದ್ದರಿಂದ ಮೂವತ್ತು ವರ್ಷದಿಂದ ನಾನೂ ಡಾಕ್ಟರಾಗಿ ಚಲಾವಣೆಯಲ್ಲಿದ್ದೇನೆ. ಎಮ್ಮೆಯ ಹಿಂದೆ ನಿಂತು ಕೆಲಸ ಮಾಡುವವನು ಕೆನೆಹಾಲಿನ ಬಣ್ಣದ ಅಂಗಿ ತೊಟ್ಟರೆ ಅದರ ಗತಿ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಮ್ಮೆಗೆ ಬಾಲ ಇರುವುದೇ ಅದಕ್ಕೆ.

ಆದ್ದರಿಂದ ನಮ್ಮ ಮನೆಯಲ್ಲಿ ಬಟ್ಟೆಗಳಿಗೂ ಸರ್ಕಾರಿ ನೌಕರಿಯ ಹಾಗೆ ದರ್ಜೆಗಳಿವೆ, ಆದರೆ ಇಲ್ಲಿ ಬಡ್ತಿ ಇಲ್ಲ, ಹಿಂಬಡ್ತಿ ಮಾತ್ರ. ಹೊರಗೆ ಹಾಕಿಕೊಳ್ಳುವುದು ಹಳತಾದರೆ ಡ್ಯೂಟಿಗೆ, ಡ್ಯೂಟಿಯದು ಹರಿದರೆ ಮನೆಗೆ, ಮನೆಯದು ಜೂಲಾದರೆ ಸ್ಕೂಟರು ಒರೆಸುವುದಕ್ಕೆ. ಅತ್ಯುತ್ತಮವಾದದ್ದು ಮಾತ್ರ ಈ ಸಾಲಿಗೆ ಸೇರುವುದೇ ಇಲ್ಲ. ಅದು ಸೇವೆಗೆ ಹಾಜರಾಗದೆಯೇ ನಿವೃತ್ತಿಯಾಗುತ್ತದೆ. ಇದು ನನಗೆ ಅಮ್ಮನಿಂದ ಬಂದದ್ದು. ಮಧುಗಿರಿಯ ನಮ್ಮ ಮನೆಯಲ್ಲಿ ಅಮ್ಮನ ಟ್ರಂಕು ವರ್ಷಕ್ಕೊಮ್ಮೆ ಬಾಯಿ ತೆರೆಯುತ್ತಿತ್ತು. ಸೀರೆಗಳನ್ನೆಲ್ಲ ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಹರವಿ, ಕಾಗೆ ಕೂರದ ಹಾಗೆ ಕಾಯಲು ನಮ್ಮನ್ನು ಕೂರಿಸುತ್ತಿದ್ದಳು. ಸಂಜೆಗೆ ಅವೆಲ್ಲ ಮತ್ತೆ ಟ್ರಂಕಿಗೆ. ಹರಕು ಚಡ್ಡಿ ಹಾಕಿಕೊಂಡು ಜರತಾರಿಗೆ ಕಾವಲು ಕೂತ ನೆನಪು ಇನ್ನೂ ಹಸಿಯಾಗಿದೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಉಣ್ಣುವುದು ನಮಗಾಗಿ, ಉಡುವುದು ನೋಡುವವರಿಗಾಗಿ. ಈ ಗಾದೆ ಮಾಡಿದ ಪುಣ್ಯಾತ್ಮರು ಯಾರಿಗೂ ತೋರಿಸದೆ ಎತ್ತಿಡುವ ಬಟ್ಟೆ ಯಾರ ಇಚ್ಛೆಯದು ಎಂಬುದನ್ನು ಮಾತ್ರ ಹೇಳದೆ ಹೋದರು. ಈ ಪ್ರಶ್ನೆಯನ್ನು ನಮ್ಮ ಬೀದಿಯ ದರ್ಜಿ ರಹಮತ್ ಸಾಬರು ತಮ್ಮದೇ ರೀತಿಯಲ್ಲಿ ಬಗೆಹರಿಸಿದ್ದಾರೆ. ಒಮ್ಮೆ ಪ್ಯಾಂಟಿನ ಬಟ್ಟೆ ಕೊಟ್ಟು, "ನಿಧಾನ ಆದ್ರೂ ಚೆನ್ನಾಗಿ ಹೊಲೀರಿ, ಇದು ಎತ್ತಿಡೋ ಪ್ಯಾಂಟು" ಎಂದೆ. ಅವರು ಟೇಪನ್ನು ಕುತ್ತಿಗೆಯಿಂದ ತೆಗೆಯಲೇ ಇಲ್ಲ. "ಅರೆ ಸಾಬ್, ನಿಮ್ದು ಅಳತೆ ಯಾಕೆ ತಗೊಳ್ಳೋದು? ಬೀರೂದು ಅಳತೆ ಕೊಟ್‌ಬಿಡಿ, ಫಿಟ್ಟಾಗಿ ಹೊಲಿತೀನಿ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಕೆಲವು ವರ್ಷ ಪಾವಗಡದ ಕಡೆ ಕೆಲಸ ಮಾಡಿದೆ. ತಿರುಮಣಿಯ ಹೊಲಗಳಲ್ಲಿ ಆಗ ಕಡಲೆಕಾಯಿಯ ಜಾಗಕ್ಕೆ ಸೋಲಾರ್ ಪ್ಲೇಟುಗಳು ಬಂದಿದ್ದವು. ಅವನ್ನು ತೊಳೆಯುವ ಹೆಂಗಸರ ಗುಂಪಿನಲ್ಲಿ ಒಬ್ಬಾಕೆ ದಿನವೂ ಹಬ್ಬಕ್ಕೆ ಹೊರಟವಳಂತೆ ಕಾಣುತ್ತಿದ್ದಳು. ನೆರಿಗೆ ಎತ್ತಿ ಕಟ್ಟಿದ ನವಿಲುಬಣ್ಣದ ಸೀರೆ, ಕೈಯಲ್ಲಿ ಉದ್ದ ಕೋಲಿನ ಬ್ರಷ್ಷು. ಕೆಲಸಕ್ಕೆ ಇಷ್ಟು ಒಳ್ಳೆಯ ಸೀರೆ ಯಾಕಮ್ಮ ಎಂದು ಕೇಳಿದೆ. "ಪ್ಲೇಟು ತಿಕ್ಕಿದ್ರೆ ಅದ್ರಾಗೆ ನಾನೇ ಕಾಣ್ತೀನಿ ಕದಾ ಸಾರೂ. ದಿನಾ ಪೂರಾ ಹಳೇ ಸೀರೇನೇ ನೋಡ್ಕಂತ ಇರಾಕಾಯ್ತದಾ?" ಎಂದಳು. ಸುತ್ತ ಕಣ್ಣು ಹಾಯುವಷ್ಟು ದೂರ ಕನ್ನಡಿಯಂಥ ಪ್ಲೇಟುಗಳು, ಒಂದೊಂದರಲ್ಲೂ ಒಂದು ನವಿಲುಬಣ್ಣದ ಹೆಂಗಸು ನಡೆದು ಹೋಗುತ್ತಿದ್ದಳು. ನಾನು ಹೋದ ಕೆಲಸ ಮರೆತು ನೋಡುತ್ತ ನಿಂತೆ.

ಇಷ್ಟೆಲ್ಲ ನೋಡಿ ಕೇಳಿಯೂ ನಾನು ಕಲಿಯಲಿಲ್ಲ. ಅದಕ್ಕೇ ಈ ಕಂಬಳಿಯ ವಿಷಯ ಹೇಳಬೇಕಾಗಿದೆ. ಹೇಳಲು ನಾಚಿಕೆಯೇ, ಆದರೂ ಹೇಳುತ್ತೇನೆ.

ಇಪ್ಪತ್ತೆರಡು ವರ್ಷದ ಹಿಂದೆ ಬುಕ್ಕಾಪಟ್ಟಣದ ಸುತ್ತ ಕುರಿಗಳಿಗೆ ನೀಲಿನಾಲಿಗೆ ರೋಗ ಬಂತು. ಈರಣ್ಣ ಎಂಬ ಕುರಿಗಾಹಿಯ ಹಿಂಡು ಅರ್ಧ ಮಲಗಿತ್ತು. ನಾಲ್ಕು ದಿನ ಅವರು ಕುರಿ ಕೂಡುವ ರೊಪ್ಪದಲ್ಲೇ ಇದ್ದು ಸೂಜಿ ಹಾಕಿದೆ, ಬಾಯಿಹುಣ್ಣು ತೊಳೆದೆ. ಈರಣ್ಣ ಬರೀ ಕುರಿಗಾಹಿಯಲ್ಲ, ಕಂಬಳಿ ನೇಯುವವರು. ಅವರ ಹೆಂಡತಿ ರಂಗಕ್ಕ ಉಣ್ಣೆ ನೂಲುತ್ತಿದ್ದರು. ನನ್ನ ಜೊತೆ ಮಾತಾಡುತ್ತ, ಸೊಸೆಗೆ ಕೆಲಸ ಹೇಳುತ್ತ, ಕೋಳಿ ಓಡಿಸುತ್ತ, ಒಂದು ಸಲವೂ ಕೈಯ ಕಡೆ ನೋಡದೆ ಆಕೆ ಎಳೆ ತೆಗೆಯುವುದನ್ನು ಕಂಡು ಬೆರಗಾಗಿದ್ದೆ. ಎಲ್ಲೂ ದಪ್ಪವಿಲ್ಲ, ಎಲ್ಲೂ ತೆಳುವಿಲ್ಲ. ಕುರಿಯ ಮೈಮೇಲಿದ್ದದ್ದು ಆ ಬೆರಳುಗಳ ಸಂದಿಯಲ್ಲಿ ಹಾದು ನೂಲಾಗಿ ಹೊರಬರುತ್ತಿತ್ತು, ಅಷ್ಟೆ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ನಿರಾಯಾಸವಾದ ಕೈಗೆಲಸ ಮತ್ತೆ ನೋಡಿಲ್ಲ.

ಆ ವರ್ಷವೇ ರಂಗಕ್ಕ ತೀರಿಕೊಂಡರು. ಆಗ ಸೊಸೆ ಬಸುರಿ. ರಂಗಕ್ಕ ನೂತಿಟ್ಟ ಕೊನೆಯ ಉಂಡೆಗಳಿಂದ ಈರಣ್ಣ ಎರಡು ಕಂಬಳಿ ನೇಯ್ದು ಮಗ್ಗ ಬಿಚ್ಚಿಬಿಟ್ಟರು. ಒಂದನ್ನು ತಾವು ಹೊದ್ದುಕೊಂಡರು. ಇನ್ನೊಂದನ್ನು ಶಿರಾಕ್ಕೆ ಹೊತ್ತು ತಂದು ನನಗೆ ಕೊಟ್ಟರು. "ಬ್ಯಾಡ ಅನ್ಬ್ಯಾಡ್ರಿ ಡಾಕ್ಟ್ರೇ. ನಮ್ ಹಿಂಡು ಉಳುಸ್ದೋರು ನೀವು. ಅವ್ಳೇ ಹೇಳಿದ್ಲು, ಒಂದು ನಿಮ್ಗೆ ಅಂತ."

ಅಂಥ ವಸ್ತುವನ್ನು ಹೊದೆಯುವುದುಂಟೆ? ಸುಜಾತಳೂ ನಾನೂ ಅಪರೂಪಕ್ಕೆ ಒಮ್ಮತಕ್ಕೆ ಬಂದೆವು. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದಾರ ಕಟ್ಟಿ, ಅಟ್ಟದ ಮೇಲೆ, ಗಾಳಿ ಬಿಸಿಲು ಸೋಕದ ಮೂಲೆಯಲ್ಲಿ ಇಟ್ಟೆವು. ಮನೆಗೆ ಬಂದವರಿಗೆ ಅದರ ಕಥೆ ಹೇಳುತ್ತಿದ್ದೆ, ಕಂಬಳಿ ತೋರಿಸುತ್ತಿರಲಿಲ್ಲ. ತೋರಿಸಿದರೆ ಮುಟ್ಟುತ್ತಾರೆ.

ಈ ವರ್ಷ ಮಾರ್ಚಿನಲ್ಲಿ ಈರಣ್ಣನ ಫೋನು ಬಂತು. ಅಜ್ಜಿ ಹೋದ ಮೇಲೆ ಹುಟ್ಟಿದ ಆ ಮೊಮ್ಮಗಳು ಪವಿತ್ರಳಿಗೆ ಮದುವೆ. ಅವರಲ್ಲಿ ಕರಿಕಂಬಳಿಯ ಗದ್ದಿಗೆ ಹಾಸಿ, ಅದರ ಮೇಲೆ ಹೆಣ್ಣು ಗಂಡನ್ನು ಕೂರಿಸಿಯೇ ಶಾಸ್ತ್ರ. "ನಿಮ್ಮತ್ರ ಇರೋದ್ ತಗಂಬನ್ನಿ. ನಂದು ಹಳೇದಾಗೈತೆ, ನಿಮ್ದು ಹೊಸ್ದಾಗೇ ಇರ್ತದೆ. ಅವ್ಳ ಕೈನೂಲಿನ ಮ್ಯಾಲೆ ಮಗು ಕುಂತ್ಕಂಡ್ರೆ ಅವ್ಳೇ ಬಂದು ಮಡ್ಲಾಗೆ ಕೂರುಸ್ಕಂಡಂಗೆ ಕಣ್ರೀ."

ನಾನು ಹೆಮ್ಮೆಯಿಂದ ಅಟ್ಟ ಹತ್ತಿದೆ. ಇಷ್ಟು ವರ್ಷ ಜೋಪಾನ ಮಾಡಿದ್ದು ಈ ದಿನಕ್ಕೇ ಅನ್ನಿಸಿತು. ಕೆಳಗಿಳಿಸಿ, ದಾರ ಬಿಚ್ಚಿ, ಕೊಡವಿದೆ. ಕಪ್ಪು ಪುಡಿ ಉದುರಿತು. ಸುಜಾತ ಅದನ್ನು ಕಿಟಕಿಗೆ ಅಡ್ಡ ಹಿಡಿದಳು. ಕಂಬಳಿಯ ಮಡಿಕೆ ಮಡಿಕೆಯಲ್ಲೂ ತೂತು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಅದು ನುಸಿಗೆ ಹಬ್ಬದೂಟ. ಗಾಳಿ ಬಿಸಿಲಿಲ್ಲದ ಕತ್ತಲೆಯ ಕವರಿನಲ್ಲಿ ನಾವೇ ಎಲೆ ಹಾಕಿ ಬಡಿಸಿದ ಹಾಗಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ರಂಗಕ್ಕನ ನೂಲನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ, ನುಸಿಯೊಂದನ್ನು ಬಿಟ್ಟು.

ಮದುವೆಯ ದಿನ ತೋರಿಸಿ ಅವಮಾನ ಮಾಡುವುದಕ್ಕಿಂತ ಮೊದಲೇ ಹೋಗಿ ಬೈಸಿಕೊಳ್ಳುವುದು ಮೇಲೆಂದು ಮಾರನೆಯ ಬೆಳಿಗ್ಗೆಯೇ ಸ್ಕೂಟರು ಹತ್ತಿದೆ. ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿನಲ್ಲಿ ಒಂದು ಚಿಂಕಾರ ಜಿಂಕೆ ರಸ್ತೆ ದಾಟಿತು. ಎಳೆಬಿಸಿಲು ಅದರ ಮೈಮೇಲೆ ಬಿದ್ದು ಜೇನಿನ ಬಣ್ಣವಾಗಿತ್ತು. ಮುಳ್ಳುಪೊದೆಯಲ್ಲಿ ನುಗ್ಗುವಾಗಲೂ ಅದೇ ಮೈ, ನಿಂತು ನನ್ನನ್ನು ನೋಡುವಾಗಲೂ ಅದೇ ಮೈ. ಆ ಪ್ರಾಣಿಗೆ ಹಬ್ಬಕ್ಕೊಂದು, ದಿನಕ್ಕೊಂದು ಇಲ್ಲ. ಬೇರೆ ದಿನವಾಗಿದ್ದರೆ ನಾನು ಅದನ್ನು ನೋಡಿ ಖುಷಿಪಡುತ್ತಿದ್ದೆ.

ಈರಣ್ಣ ಬೇವಿನ ಮರದ ಕೆಳಗೆ ಕೂತಿದ್ದರು. ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮಡಿಕೆ ಬಿಚ್ಚುತ್ತ ಹೋದರು. ಒಂದು ತೂತಿನಲ್ಲಿ ಬೆರಳು ತೂರಿಸಿದರು. ಬೆರಳು ಆ ಕಡೆ ಬಂತು. ಬೈದಿದ್ದರೆ ವಾಸಿಯಿತ್ತು.

"ಜೋಪಾನ ಮಾಡಿದ್ದೆ ಈರಣ್ಣನವರೇ" ಎಂದೆ.

"ಅದ್ಕೇ ಇಂಗಾಗಿರೋದು. ಮೈಮ್ಯಾಲೆ ಹಾಕ್ಕಂಡು ಬಿಸ್ಲಾಗೆ ತಿರುಗಿದ್ರೆ, ಒಲೆ ಹೊಗೆ ಕುಡಿಸಿದ್ರೆ, ಯಾವ ಹುಳಾನೂ ಹತ್ರುಕ್ ಬರ್ತಿರ್ಲಿಲ್ಲ. ಕಂಬ್ಳಿ ಎತ್ತಿಡೋ ಸಾಮಾನಲ್ಲ ಡಾಕ್ಟ್ರೇ." ಅವರ ಕಣ್ಣು ತುಂಬಿತ್ತು. ನನ್ನ ಕಣ್ಣಿನ ವಿಷಯ ಹೇಳುವುದು ಬೇಡ. ಹೊರಡುವಾಗ, "ಮದುವೆಗೆ ಇದ್ನೂ ತಗಂಡೇ ಬನ್ನಿ" ಎಂದರು. ಯಾಕೆಂದು ಕೇಳುವ ಧೈರ್ಯವಾಗಲಿಲ್ಲ.

ಏಪ್ರಿಲ್‌ನ ಮದುವೆ. ಛತ್ರದ ತುಂಬ ರೇಷ್ಮೆ, ಪ್ಲಾಸ್ಟಿಕ್ ಹೂವು, ಮೈಕು. ಗಂಡಿನ ಕಡೆಯವರು ಗದ್ದಿಗೆಗೆಂದು ಹೊಸ ಕಂಬಳಿ ತಂದಿದ್ದರು. ಈರಣ್ಣ ಬಂದು ತಮ್ಮ ಹೆಗಲ ಮೇಲಿದ್ದದ್ದನ್ನು ತೆಗೆದು ಹಾಸಿದರು. ಇಪ್ಪತ್ತೆರಡು ವರ್ಷ ಮಳೆಗೆ ಕೊಪ್ಪೆಯಾಗಿ, ಬಿಸಿಲಿಗೆ ನೆರಳಾಗಿ, ಆಗ ತಾನೇ ಹುಟ್ಟಿದ ಮರಿಗೆ ತೊಟ್ಟಿಲಾಗಿ, ಊಟಕ್ಕೆ ಕೂರಲು ಹಾಸಾಗಿ ದುಡಿದ ಕಂಬಳಿ. ಬಣ್ಣ ಕಂದಿದೆ, ಅಂಚು ಸವೆದಿದೆ, ಹುಲ್ಲಿನ ಮುಳ್ಳು ಅಂಟಿದೆ. ಗಂಡಿನ ಸೋದರತ್ತೆ ಮೂಗಿಗೆ ಸೆರಗು ಹಿಡಿದು, "ಕುರಿ ಕಾಯೋ ಕಂಬ್ಳಿ ಅಲ್ವಾ ಅದು?" ಎಂದರು. "ಹೂಂ ಕಣಮ್ಮ. ಕಂಬ್ಳಿಗೆ ಮೈಲ್ಗೆ ಇಲ್ಲ" ಎಂದರು ಈರಣ್ಣ, ದನಿ ಏರಿಸದೆ.

ಹತ್ತಿ ಬಟ್ಟೆ ಯಾರೋ ಮುಟ್ಟಿದರೆ ಕೆಟ್ಟಿತು ಎನ್ನುವ ಈ ನಾಡಿನಲ್ಲಿ, ರೊಪ್ಪದಲ್ಲಿ ಹೊರಳಿದ ಕಂಬಳಿಗೆ ಮೈಲಿಗೆ ಇಲ್ಲವೆಂದು ಯಾರು ಯಾವಾಗ ತೀರ್ಮಾನಿಸಿದರೋ ನನಗೆ ತಿಳಿಯದು. ಸಾವಿರ ಸಲ ಕೇಳಿದ ಮಾತು. ಅದರ ಅರ್ಥ ಮೈಗೆ ಇಳಿದದ್ದು ಅವತ್ತು. ಈರಣ್ಣ ಅದನ್ನು ಕೊಡವಲೂ ಇಲ್ಲ. ಮಡಿಸಿ ಹಾಸಿ ಅದರ ಮೇಲೆ ಅಕ್ಕಿ ಚೆಲ್ಲಿ ಕೈಮುಗಿದರು. ದಿನವೂ ಹೊದ್ದದ್ದೇ ನೆಟ್ಟಗೆ ದೇವರ ಜಾಗಕ್ಕೆ ಹೋಯಿತು. ನಾನು ಕೂತಲ್ಲಿಂದಲೇ ಕೈಮುಗಿದೆ.

ಆಶೀರ್ವಾದಕ್ಕೆಂದು ಹತ್ತಿರ ಹೋದಾಗ ಪವಿತ್ರ ಸೀರೆಯ ನೆರಿಗೆ ಸರಿಸಿ ಕಂಬಳಿಯ ಮೇಲೆ ಕೈಯಾಡಿಸುತ್ತಿದ್ದಳು. ಒಂದು ತೇಪೆ ತೋರಿಸಿ, "ಇದು ನಾನು ಸುಟ್ಟಿದ್ದು ಡಾಕ್ಟ್ರೇ, ಮೂರನೇ ಕ್ಲಾಸಲ್ಲಿ" ಎಂದಳು. ಆಮೇಲೆ ಮೆಲ್ಲಗೆ, "ನಮ್ಮಜ್ಜೀನ ನಾನು ನೋಡೇ ಇಲ್ಲ. ಆದ್ರೆ ಅವ್ಳ ಜೊತೇಲೇ ಮಲಗಿ ಬೆಳೆದಿದ್ದೀನಿ" ಎಂದಳು. ನಾನು ಅಕ್ಷತೆ ಹಾಕಿದೆ. ಆ ಅಜ್ಜಿ ನಮ್ಮ ಮನೆಯ ಅಟ್ಟದ ಮೇಲೂ ಇದ್ದಳು. ನಾವು ಒಂದು ದಿನವೂ ಕೆಳಗಿಳಿಸಿ ಮಾತಾಡಿಸಿರಲಿಲ್ಲ.

ಊಟವಾದ ಮೇಲೆ ಈರಣ್ಣ ನನ್ನನ್ನು ಛತ್ರದ ಹಿಂದಿನ ಜಗಲಿಗೆ ಕರೆದರು. ನನ್ನ ತೂತು ಕಂಬಳಿಯನ್ನು ಹರಡಿ, ಗದ್ದಿಗೆಯಿಂದ ಎತ್ತಿ ತಂದ ತಮ್ಮದನ್ನು ಪಕ್ಕದಲ್ಲಿಟ್ಟುಕೊಂಡು, ದಬ್ಬಳ ತೆಗೆದರು. ತಮ್ಮ ಕಂಬಳಿಯ ಅಂಚಿನಿಂದ ಒಂದು ಎಳೆ ಎಳೆದು ಬಿಡಿಸಿದರು. ಅದರಿಂದ ನನ್ನ ಕಂಬಳಿಯ ಒಂದು ತೂತು ಹೊಲಿದರು. ಮತ್ತೊಂದು ಎಳೆ, ಮತ್ತೊಂದು ತೂತು. ಬೇಡವೆಂದು ಅವರ ಕೈ ಹಿಡಿದುಕೊಂಡೆ.

"ಬುಡಿ. ಬ್ಯಾರೆ ನೂಲು ಹಾಕುದ್ರೆ ಕೂಡಲ್ಲ. ಅವ್ಳ ನೂಲಿಗೆ ಅವ್ಳ ನೂಲೇ ಆಗ್ಬೇಕು. ಅದು ಇನ್ನೆಲ್ಲೈತೆ?"

ಮುಕ್ಕಾಲು ಗಂಟೆ ನಾನು ಎದುರಿಗೆ ಕೂತು ನೋಡಿದೆ. ಅವರ ಕಂಬಳಿ ಒಂದು ಬೆರಳಗಲ ಚಿಕ್ಕದಾಯಿತು. ದೊಡ್ಡ ತೂತುಗಳು ಮುಚ್ಚಿದವು, ಸಣ್ಣವು ಹಾಗೇ ಉಳಿದವು. ನನ್ನ ಕಪ್ಪು ಕಂಬಳಿಯ ಮೇಲೆ ಬಿಸಿಲಿಗೆ ಕಂದಿದ ಆ ಎಳೆಗಳು ಬೇರೆಯಾಗಿ ಎದ್ದು ಕಾಣುತ್ತಿದ್ದವು. ಕೊನೆಯ ಗಂಟು ಹಾಕಿ, ಹಲ್ಲಿನಿಂದ ನೂಲು ಕಡಿದು, ಎದ್ದು ನಿಂತು, ಅದನ್ನು ನನ್ನ ಹೆಗಲ ಮೇಲೆ ಹೊದಿಸಿದರು.

"ಇನ್ನು ಎತ್ತಿಡಬ್ಯಾಡ್ರಿ. ಹುಳ ತಿನ್ನೋ ಬದ್ಲು ನಿಮ್ ಹೆಗ್ಲು ತಿನ್ಲಿ."

ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಉಣ್ಣೆ ಕಂಬಳಿ ಹೊದ್ದು ಸ್ಕೂಟರಿನಲ್ಲಿ ಹೋಗುವ ಪಶು ಆಸ್ಪತ್ರೆಯವನನ್ನು ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಶಿರಾ ಮುಟ್ಟುವ ಹೊತ್ತಿಗೆ ಬೆವರಿನಲ್ಲಿ ತೊಯ್ದು ಹೋಗಿದ್ದೆ, ಕುತ್ತಿಗೆಯೆಲ್ಲ ಚುಚ್ಚುತ್ತಿತ್ತು. ತೆಗೆಯಲು ಮಾತ್ರ ಮನಸ್ಸು ಬರಲಿಲ್ಲ.