ಜಿನಮ್ಮ ಚಿಕ್ಕಮ್ಮನ ಹಾವಿನ ಗಿಡ

ಗಂಡ ಸತ್ತ ಮೇಲೆ ಭಾವನ ಮನೆಯಲ್ಲಿ ಉಣ್ಣುವ ಹೆಂಗಸಿಗೆ ಇಷ್ಟು ಬಾಯಿ ಇರಬಾರದು ಎಂದು ಸಾಗರದ ಪೇಟೆಬೀದಿಯವರೆಲ್ಲ ನಮ್ಮ ಚಿಕ್ಕಮ್ಮ ಜಿನಮ್ಮನ ಬಗ್ಗೆ ಹೇಳುತ್ತಿದ್ದರು. ಆ ಭಾವ ಎಂದರೆ ನಮ್ಮಪ್ಪ, ಜವಳಿ ಅಂಗಡಿಯ ವೃಷಭರಾಜ. ಚಿಕ್ಕಮ್ಮ ಉಣ್ಣುತ್ತಿದ್ದದ್ದು ನಿಜ. ಮನೆಮಂದಿಗೆಲ್ಲ ಬೇಯಿಸಿ ಹಾಕುತ್ತಿದ್ದವಳೂ ಅವಳೇ ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ.

ರೈಲು ತಾಳಗುಪ್ಪದವರೆಗೆ ಬಂದ ಹೊಸತು. ಅಲ್ಲಿ ನೆಂಟರ ಮನೆಗೆ ಹೋಗಿದ್ದ ಚಿಕ್ಕಮ್ಮ, ಸ್ಟೇಷನ್ ಮಾಸ್ತರರ ಹೆಂಡತಿ ಜಲಜಾಕ್ಷಿಯ ಸ್ನೇಹ ಮಾಡಿಕೊಂಡು, ಬರುವಾಗ ಒಂದು ಎಲೆ ತಂದಳು. ಮೊಳದುದ್ದ, ದಪ್ಪ, ಮೈತುಂಬ ಹಾವಿನಂಥ ಪಟ್ಟೆ. ಅದಕ್ಕೇ ಹಾವಿನ ಗಿಡ ಎಂಬ ಹೆಸರು. ಎಲೆಯನ್ನು ಬೆರಳುದ್ದ ತುಂಡು ಮಾಡಿ ಮರಳಲ್ಲಿ ಊರಿದರೆ ಒಂದೊಂದು ತುಂಡೂ ಒಂದೊಂದು ಗಿಡವಾಗುತ್ತದೆ ಎಂದು ಜಲಜಾಕ್ಷಿ ಹೇಳಿಕೊಟ್ಟಿದ್ದಳಂತೆ. ಮೊದಲ ಸಲ ಚಿಕ್ಕಮ್ಮ ಬುಡ ಯಾವುದು ತುದಿ ಯಾವುದು ತಿಳಿಯದೆ ತಲೆಕೆಳಗಾಗಿ ಊರಿದಳು, ಎಲ್ಲ ಕೊಳೆತುಹೋಯಿತು. ಎರಡನೇ ಎಲೆ ತಂದಾಗ ಕತ್ತರಿಸುತ್ತ ಕತ್ತರಿಸುತ್ತ ಪ್ರತಿ ತುಂಡಿನ ಬುಡದ ಪಕ್ಕ ಸುಣ್ಣದ ಬೊಟ್ಟು ಇಟ್ಟಳು. ಗಾಯ ಆರಲೆಂದು ನೆರಳಲ್ಲಿ ಒಣಗಿಸಿ, ತಳಕ್ಕೆ ತೂತು ಹೊಡೆದ ಸೀಮೆಎಣ್ಣೆ ಡಬ್ಬಗಳಲ್ಲಿ ಊರಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮರಳನ್ನು ಸೀಳಿಕೊಂಡು ಚೂಪು ಮೊಳಕೆಗಳು ಬಂದವು. ಆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಅಲ್ಲಿಯತನಕ ಒಂದು ಟ್ರಂಕು ಬಿಟ್ಟರೆ ಏನೂ ಇರಲಿಲ್ಲ. ಡಬ್ಬಗಳ ಮೇಲೆ ಅವಳು ಜೀವವನ್ನೇ ಇಟ್ಟುಕೊಂಡಿದ್ದಳು.

ಅಪ್ಪನ ಕಣ್ಣು ಬಿದ್ದದ್ದು ಆಗ. ನಾವು ಜೈನರು, ಅಪ್ಪ ಅದರಲ್ಲೂ ಒಂದು ಕೈ ಮೇಲೆ. ಕತ್ತರಿಸಿದರೂ ಚಿಗುರುವಂಥದ್ದು ಅನಂತಕಾಯ, ಅದರ ಒಂದೊಂದು ಚೂರಿನಲ್ಲೂ ಲೆಕ್ಕವಿಲ್ಲದಷ್ಟು ಜೀವ ಎಂದು ಬಸದಿಯಲ್ಲಿ ಕೇಳಿದ್ದನ್ನು ಅವರು ಎಂದೂ ಮರೆಯುತ್ತಿರಲಿಲ್ಲ. ಆಲೂಗೆಡ್ಡೆ, ಈರುಳ್ಳಿ ನಮ್ಮ ಹೊಸಿಲು ದಾಟಿದ್ದಿಲ್ಲ.

"ಇದು ಅನಂತಕಾಯ ಜಿನಮ್ಮ. ಇದನ್ನ ಕತ್ತರಿಸ್ತಾ ಕೂತ್ರೆ ಎಷ್ಟು ಜೀವ ಹೋಯ್ತು ಗೊತ್ತಾ? ಎಲ್ಲಾ ಕಿತ್ತು ಎಸಿ."

"ಜೀವ ಎಲ್ಲಿ ಹೋಯ್ತು ಭಾವ? ಒಂದಿದ್ದದ್ದು ಡಬ್ಬದ ತುಂಬ ಆಗಿದೆ, ನೋಡಿ."

"ಎದುರುತ್ತರ ಬೇಡ. ಕಿತ್ತಾಕು ಅಂದೆ."

"ಕತ್ತರಿಸಿದ್ದೇ ಪಾಪ ಆದ್ರೆ ಕೀಳೋದು ಪುಣ್ಯ ಹೆಂಗಾಗುತ್ತೆ? ನಾನು ಕೀಳಲ್ಲ. ನಿಮಗೆ ಬೇಕಿದ್ರೆ ನೀವೇ ಕಿತ್ತಾಕಿ."

ಅಪ್ಪ ಡಬ್ಬದ ಮುಂದೆ ಬಗ್ಗಿದರು. ಕೈ ಚಾಚಿದರು. ಕೈ ಅಲ್ಲೇ ನಿಂತಿತು. ಅಂಗಡಿಯ ಆಳು ಶೇಷಪ್ಪನನ್ನು ಕೂಗಿದರು. ಅವನು ಬರುವಷ್ಟರಲ್ಲಿ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಅಂದಳು: "ಮಾಡಿದ್ರೂ, ಮಾಡ್ಸಿದ್ರೂ, ಮಾಡಿದ್ದನ್ನ ಸರಿ ಅಂದ್ರೂ ಒಂದೇ ಪಾಪ ಅಂತ ನಾವಿಬ್ರೂ ಒಂದೇ ಬಸದೀಲಿ ಕೇಳಿದ್ದು ಭಾವ." ಶೇಷಪ್ಪ ಬಂದವನು ಬಂದ ದಾರಿಯಲ್ಲೇ ವಾಪಸಾದ.

ನನಗಂತೂ ಅಂದು ಕುಣಿಯುವಷ್ಟು ಖುಷಿಯಾಗಿತ್ತು. ಅಪ್ಪನ ಮುಖ ಮಾತ್ರ ಕೆಂಪಾಗಿತ್ತು. "ಹಾಗಾದ್ರೆ ಅಡುಗೆಮನೆಗೆ ಕಾಲಿಡಬೇಡ. ಆ ಡಬ್ಬ ಬೇಕೋ, ಈ ಒಲೆ ಬೇಕೋ ನೋಡ್ಕೋ" ಎಂದರು. ಬೆದರಿಕೆಗೆ ಬಗ್ಗಿ ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದರೋ ಏನೋ. ಚಿಕ್ಕಮ್ಮ ಹಿತ್ತಿಲಿನ ಸೌದೆಕೋಣೆ ಗುಡಿಸಿ, ಮೂರು ಕಲ್ಲಿಟ್ಟು ಒಲೆ ಹೂಡಿದಳು. ಡಬ್ಬಗಳನ್ನು ಅದರ ಬಾಗಿಲ ಎರಡೂ ಪಕ್ಕಕ್ಕೆ ಸಾಲಾಗಿ ಇಟ್ಟಳು. ವಿಧವೆ ಬೇರೆ ಒಲೆ ಹೂಡಿದಳು ಎಂದು ಬೀದಿಯವರು ಆಡಿಕೊಂಡರು. ಅವಳು ಅವರ ಮನೆಗಳಿಗೂ ಒಂದೊಂದು ಸಸಿ ಕಳಿಸಿದಳು. ಆಡಿಕೊಂಡವರೇ ಇಸಕೊಂಡರು.

ನಮ್ಮಮ್ಮ ವಿಶಾಲಮ್ಮನ ಅಡುಗೆಯ ವಿಷಯ ಹೆಚ್ಚು ಹೇಳದಿರುವುದೇ ಮೇಲು. ಮಗಳಾಗಿ ಇಷ್ಟು ಹೇಳುತ್ತೇನೆ: ಯಾವತ್ತೂ ಹೊತ್ತಿಗೆ ಸರಿಯಾಗಿ ಆಗುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅಪ್ಪ ಒಂದಗುಳೂ ಮುಟ್ಟುವವರಲ್ಲ. ಎಷ್ಟೋ ಸಂಜೆ ಹಸಿದೇ ಮಲಗಿದರು. ಹಟ ಬಿಡಲಿಲ್ಲ.

ಚಳಿಗಾಲದ ಒಂದು ಸಂಜೆ, ಹೊತ್ತು ಇನ್ನೇನು ಇಳಿಯಬೇಕು, ಅಮ್ಮನ ಅನ್ನ ಇನ್ನೂ ಕುದಿಯುತ್ತಿತ್ತು. ಅಪ್ಪ ಹಿತ್ತಿಲಿಗೆ ಹೋಗಿ ಸೌದೆಕೋಣೆಯ ಮುಂದೆ ನಿಂತರು. ಒಳಗಿಂದ ತೊಗರಿಬೇಳೆ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಒಳಗಿನ ಒಲೆಗೆ ಬಾ ಜಿನಮ್ಮ. ಡಬ್ಬ ಇದ್ರೆ ಇರ್ಲಿ."

"ಇರ್ಲಿ ಅನ್ನೋಕೆ ಅವು ನಿಮ್ಮವಲ್ಲ ಭಾವ" ಎಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿಗೆ ನಾನು ಬರಲ್ಲ. ಹಸಿದು ಬಂದಿದ್ರೆ ಹೇಳಿ, ತಟ್ಟೆ ಹಾಕ್ತೀನಿ."

ಅಪ್ಪ ಒಮ್ಮೆ ಆಕಾಶ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಡಬ್ಬಗಳಿಗೆ ಪಂಚೆ ತಾಗದಂತೆ ಎತ್ತಿಕೊಂಡು, ತಮ್ಮನ ಹೆಂಡತಿಯ ಮನೆಗೆ ನೆಂಟರಂತೆ ಉಣ್ಣಲು ಒಳಗೆ ಹೋದರು.