ಕೌದಿಯ ನಡುವಿನ ಕಿತ್ತಳೆ ತುಂಡು

ಅಂತರಿಕ್ಷ ಎಂಬ ಮಾತು ಕಿವಿಗೆ ಬಿದ್ದರೆ ಬೇರೆಯವರಿಗೆ ಚುಕ್ಕಿ, ಚಂದ್ರ ನೆನಪಾಗಬಹುದು. ನನಗೆ ನೆನಪಾಗುವುದು ಬಸುರಿಯಾಗಿದ್ದಾಗ ಊದಿಕೊಂಡಿದ್ದ ನನ್ನ ಕಾಲು.

ನನ್ನ ಗಂಡನಿಗೆ ಆಕಾಶಕ್ಕೆ ಹೋಗಿ ಬಂದ ನೌಕೆಗಳ ಚೂರುಗಳನ್ನು ಕೂಡಿಡುವ ಹುಚ್ಚು. ನಮ್ಮ ಮನೆ ಛತ್ರಪತಿ ಸಂಭಾಜಿನಗರದಲ್ಲಿ. ಅವರು ಊರಾಚೆ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಲಗುವ ಕೋಣೆಯ ಕಪಾಟಿನಲ್ಲಿ ನನ್ನ ಸೀರೆಗಳಿಗೆ ಒಂದು ಖಾನೆ, ಅವರ ಚೂರುಗಳಿಗೆ ಎರಡು. ನೌಕೆಗೆ ಸುತ್ತಿದ್ದ ಬಂಗಾರ ಬಣ್ಣದ ಹಾಳೆಯ ಚೂರು, ಶಾಖ ತಡೆಯುವ ಕವಚದ ಸುಟ್ಟ ಪುಡಿ, ಯಾವುದೋ ತಂತಿಯ ತುದಿ. ಒಂದೊಂದೂ ಅಕ್ಕಿಕಾಳಿನಷ್ಟು. ಅಷ್ಟನ್ನು ಗಾಜಿನಂಥ ಅಕ್ರಿಲಿಕ್ ಬಿಲ್ಲೆಯೊಳಗೆ ಮುಚ್ಚಿ, ಜೊತೆಗೊಂದು ಸರ್ಟಿಫಿಕೇಟ್ ಇಟ್ಟುಬಿಟ್ಟರೆ ಮುಗಿಯಿತು, ಕೈ ಮುಗಿಯುವುದೊಂದು ಬಾಕಿ.

ಮೊದಮೊದಲು ನಾನೂ ಕುತೂಹಲದಿಂದಲೇ ನೋಡಿದೆ, ಸುಳ್ಳೇಕೆ ಹೇಳಲಿ. ಆದರೆ ಒಂದು ಭಾನುವಾರ ಅವರು ಮತ್ತು ಅವರ ಗೆಳೆಯ ಸೇರಿ ಅಂಗೈಯಗಲದ ಬಂಗಾರದ ಹಾಳೆಯೊಂದನ್ನು ನಮ್ಮ ಊಟದ ಮೇಜಿನ ಮೇಲೆ ಬ್ಲೇಡಿನಿಂದ ಕತ್ತರಿಸಿದರು. ಗೆಳೆಯ ಎಂದರೆ ಊರಲ್ಲೇ ಔಷಧದ ಅಂಗಡಿ ಇಟ್ಟಿರುವ ಒಬ್ಬ ಮರಾಠಿ ಗೃಹಸ್ಥ, ಇದೇ ಕಾಯಿಲೆಯವನು. ಇಬ್ಬರೂ ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಕತ್ತರಿಸುತ್ತಿದ್ದರು. ಅಷ್ಟು ಎತ್ತರ ಹೋಗಿ ಇಡಿಯಾಗಿ ಉಳಿದು ಬಂದದ್ದು ನಮ್ಮ ಮನೆಯಲ್ಲಿ ಚೂರುಚೂರಾಯಿತು. ಕೇಳಿದರೆ, ಚಿಕ್ಕದು ಮಾಡಿದಷ್ಟೂ ಹೆಚ್ಚು ಜನರಿಗೆ ಸಿಗುತ್ತದಂತೆ. ಬಚ್ಚಲಿನಿಂದ ಬಂದು ನಾನು ಮೇಜಿನ ಪಕ್ಕ ಹಾಯುವಾಗ ಒಂದು ಚೂರು ಹಾರಿ ಕೆಳಗೆ ಬಿತ್ತು. ಇಬ್ಬರು ಗಂಡಸರು ಮೊಬೈಲಿನ ಬೆಳಕು ಹಿಡಿದು ಅಂಬೆಗಾಲಿಕ್ಕಿ ಹುಡುಕಿದರು. ಚೂರು ನನ್ನ ಒದ್ದೆ ಹಿಮ್ಮಡಿಗೆ ಅಂಟಿಕೊಂಡಿತ್ತು.

"ನಿಲ್ಲು, ಅಲುಗಾಡಬ್ಯಾಡ!" ಎಂದು ಕೂಗಿ ನನ್ನ ಗಂಡ ಚಿಮಟದಿಂದ ಅದನ್ನು ಬಿಡಿಸಿಕೊಂಡರು. ಬೂದುಗುಂಬಳದ ಹಾಗೆ ಊದಿದ್ದ ಕಾಲು ಅವರ ಮೂಗಿನ ಕೆಳಗೇ ಇತ್ತು. ಅದು ಅವರಿಗೆ ಕಾಣಲಿಲ್ಲ. ಆವತ್ತೇ ನನಗೆ ವಾಕರಿಕೆ ಶುರುವಾದದ್ದು, ಬಸುರಿನ ವಾಕರಿಕೆಯೆಲ್ಲ ನಿಂತುಹೋದ ಮೇಲೆ.

ಅದಾದ ಸ್ವಲ್ಪ ದಿನಕ್ಕೆ ಅವ್ವ ನನ್ನನ್ನು ಹೆರಿಗೆಗೆ ಕರೆದೊಯ್ಯಲು ನಾಸಿಕದಿಂದ ಬಂದಳು. ನಮ್ಮವರು ಮೂಲ ಬೀದರ ಕಡೆಯವರು. ಅಪ್ಪ ಇದ್ದಾಗ ನಾಸಿಕದ ದೇವಳಾಲಿ ಮಿಲಿಟರಿ ಕ್ಯಾಂಪಿನಲ್ಲಿ ಬಟ್ಟೆಯ ಸಣ್ಣ ಅಂಗಡಿ ಇಟ್ಟಿದ್ದ. ಅವ್ವ ಈಗಲೂ ಅಲ್ಲೇ ಇದ್ದಾಳೆ. ಸಕ್ಕರೆ ಕಾಯಿಲೆ ಅವಳ ಕಣ್ಣಿಗಿಳಿದಿತ್ತು. ಇನ್ನು ಹೆಚ್ಚು ದಿನ ಕಾಣುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಷ್ಟರೊಳಗೆ ಮೊಮ್ಮಗುವಿಗೊಂದು ಕೌದಿ ಹೊಲಿದುಬಿಡಬೇಕು ಎಂಬುದೊಂದೇ ಅವಳ ಹಟ. ಅವಳು ಹೊಲಿಯುವ ಕೊನೆಯ ಕೌದಿ ಅದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೂಸಿನ ಕೌದಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಎರಡೂ ಮನೆಯ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆ ಬೇಕು. ಅವ್ವ ಅಳಿಯನ ಮುಂದೆ ಸೆರಗು ಸರಿಮಾಡಿಕೊಂಡು ನಿಂತಳು.

"ನಿಮ್ಮ ಅಪ್ಪಾರದು ಹಳೀ ಧೋತರ ಏನರೆ ಅದ ಏನ್ರಿ? ಕೂಸು ಹಿರೇರ ತೊಡಿ ಮ್ಯಾಲ ಮಲಗಿದಂಗ ಆಗ್ತದ."

"ಕಪಾಟಿನಾಗ ಕೆಳಗ ಅದ, ತಗೊಳ್ರಿ," ಎಂದರು ಅವರು, ಮೊಬೈಲಿನಿಂದ ತಲೆ ಎತ್ತದೆ.

ಮಾವನವರು ತೀರಿಕೊಂಡು ಮೂರು ವರ್ಷವಾಗಿತ್ತು. ಉಳಿದಿದ್ದದ್ದು ಅದೊಂದೇ ಧೋತರ. ಅವ್ವ ಮಡಿಕೆ ಬಿಚ್ಚದೆ ಚೀಲಕ್ಕೆ ಹಾಕಿಕೊಂಡು, ಮನ್ಮಾಡ್ ದಾಟಿ ನಾಸಿಕ ಬರುವವರೆಗೆ ತೊಡೆಯಿಂದ ಇಳಿಸಲಿಲ್ಲ.

ಮನೆಗೆ ಬಂದು ಬಿಚ್ಚಿದಾಗ ಒಳಗೆ ಕರವಸ್ತ್ರದಗಲದ ಕಿತ್ತಳೆ ಬಣ್ಣದ ನೈಲಾನು ಬಟ್ಟೆಯೊಂದು ಸಿಕ್ಕಿತು. ಅವ್ವ ಬೆರಳಲ್ಲಿ ತಿಕ್ಕಿ ನೋಡಿದಳು. ಕ್ಯಾಂಪಿನಲ್ಲಿ ಮುದುಕಿಯಾದವಳು, ಇಂಥ ಬಟ್ಟೆ ಸಾಕಷ್ಟು ಕಂಡಿದ್ದಳು.

"ಮಿಲಿಟ್ರಿ ಬಟ್ಟಿ ಇದ್ದಂಗ ಅದ. ನಿಮ್ಮ ಮಾವ ಧೋತರದಾಗ ಸುತ್ತಿ ಜ್ವಾಪಾನ ಮಾಡ್ಯಾರ ಅಂದ್ರ ಅವರಿಗೆ ಭಾಳ ಬೇಕಾಗಿದ್ದೇ ಇರಬೇಕು," ಎಂದಳು. ನಾನೂ ಹೌದೆಂದುಕೊಂಡೆ, ಚೂರುಗಳ ಖಾನೆಯನ್ನು ಮುಟ್ಟಲೂ ಹೇಸುತ್ತಿದ್ದ ನನಗೆ ಅಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿದಿರಲಿಲ್ಲ. ಅವ್ವ ಅದನ್ನು ಸೋಪಿನ ಪುಡಿಯಲ್ಲಿ ನೆನೆಸಿ, ತಿಕ್ಕಿ, ಕಲೆಯೆಲ್ಲ ತೆಗೆದು, ಬೀಗರ ಮರ್ಯಾದೆಗೆಂದು ಕೌದಿಯ ನಟ್ಟನಡುವೆ ಇಟ್ಟಳು. ಧೋತರವನ್ನು ಒಳಪದರಕ್ಕೆ ಹಾಸಿದಳು, ಒಂದಿಷ್ಟು ಮಿಕ್ಕಿತು. ನೈಲಾನಿನ ಮೇಲೆ ಸೂಜಿ ಜಾರುತ್ತಿತ್ತು. ಕಣ್ಣಿಗೆ ಅಷ್ಟಿಷ್ಟು ಕಾಣಲೆಂದು ಕೆಂಪು ದಾರ ಪೋಣಿಸಿಕೊಂಡು, ಕಿಟಕಿಯ ಬೆಳಕಿಗೆ ಹೊರಳಿ, ಬೆರಳು ಚುಚ್ಚಿಕೊಂಡು ಹೊಲಿದಳು. ನಾನು ಹೆರುವ ಹೊತ್ತಿಗೆ ಕೌದಿ ಮುಗಿದಿತ್ತು.

ಮಗಳ ತೊಟ್ಟಿಲ ಕಾರ್ಯಕ್ಕೆ ನನ್ನ ಗಂಡ ಬಂದರು. ಅವರು ತೊಟ್ಟಿಲಿಗೆ ಬಗ್ಗಿದ್ದನ್ನು ಕಂಡು ಅವ್ವ ಸೆರಗಿನ ಮರೆಯಲ್ಲಿ ನಕ್ಕಳು. ಅವರು ಕೂಸನ್ನು ಎತ್ತಿ ನನ್ನ ಕೈಗೆ ದಾಟಿಸಿ ಕೌದಿ ತೆಗೆದುಕೊಂಡರು. ನಡುವಿನ ತುಂಡನ್ನು ಮೂಗಿಗೆ ಹಿಡಿದು ಮೂಸಿದರು.

"ತೊಳದೀರಿ?" ಎಂದರು. ದನಿ ನಡುಗುತ್ತಿತ್ತು. ತಮ್ಮ ಅಪ್ಪ ಸತ್ತಾಗಲೂ ಆ ದನಿ ಹಾಗೆ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ಆಗ ಗೊತ್ತಾಯಿತು: ಅದು ಗಗನಯಾತ್ರಿಗಳನ್ನು ನೆಲಕ್ಕಿಳಿಸಿದ ಪ್ಯಾರಾಚೂಟಿನ ತುಂಡು. ದೂರದ ದೇಶದಿಂದ ತರಿಸಿ, ಎಳೆ ಕೀಳದಿರಲೆಂದು ತಮ್ಮ ಅಪ್ಪನ ಧೋತರದಲ್ಲಿ ಸುತ್ತಿಟ್ಟಿದ್ದರು. ಇದನ್ನೂ ಚೂರು ಮಾಡುವುದೆಂದು ಗೆಳೆಯನ ಜೊತೆ ಮಾತಾಗಿತ್ತು. ಅವ್ವ ತಿಕ್ಕಿ ತೆಗೆದ ಕೊಳೆಯೇ ಅದರ ಜೀವವಂತೆ.

"ಬ್ಯಾರೆ ಬಟ್ಟಿ ಅಲ್ಲ ಅದು, ಮ್ಯಾಲ ಹೋಗಿ ಬಂದದ್ದು!" ಎಂದು ಬಂದ ಹೆಂಗಸರ ಎದುರೇ ಕೂಗಾಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕೈ ಒತ್ತಿದಳು.

"ತಪ್ಪಾತ್ರಿ. ನನಗ ತಿಳೀಲಿಲ್ಲ. ಬಿಚ್ಚಿ ಕೊಡ್ತೀನ್ರಿ," ಎಂದಳು.

ಬಿಚ್ಚಬ್ಯಾಡ್ರಿ ಎನ್ನುತ್ತಾರೆ ಎಂದು ಕಾದೆ. ಅವರು ಕುರ್ಚಿ ಎಳೆದುಕೊಂಡು ಕೂತು, "ಕತ್ತರಿ ತಾಗಸಬ್ಯಾಡ್ರಿ," ಎಂದರು.

ಹೊಲಿದ ಕೈಯೇ ಕೂತು ಬಿಚ್ಚಿತು. ಒಂದೊಂದು ಹೊಲಿಗೆಯನ್ನೂ ಕಣ್ಣಿಗೆ ಹತ್ತಿರ ಹಿಡಿದು, ಸೂಜಿಯ ತುದಿಯಿಂದ ಎತ್ತಿ, ಎಳೆದಳು. ಹೊರಗೆ ಪೇಢೆ ಹಂಚುತ್ತಿದ್ದರು. ನನಗೆ ಆ ಮನುಷ್ಯನ ಮುಖ ನೋಡುವುದೇ ಅಸಹ್ಯವಾಯಿತು. ಸಿಟ್ಟಾದರೆ ಇಳಿಯುತ್ತದೆ, ಇದು ಇಳಿಯುವಂಥದ್ದಲ್ಲ. ತುಂಡು ಕೈಗೆ ಬಂದೊಡನೆ ಅದನ್ನು ಬೆಳಕಿಗೆ ಹಿಡಿದು ಸೂಜಿಯ ತೂತು ನೋಡುತ್ತ ಹೊರಟುಹೋದರು. ಅದೇ ಬಿಚ್ಚಿದ ಕಡೆಯಿಂದ ಅವರಪ್ಪನ ಧೋತರ ಹೊರಗೆ ಇಣುಕುತ್ತಿತ್ತು. ಅದರ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ.

ಮಿಕ್ಕಿದ್ದ ಧೋತರವನ್ನೇ ಅವ್ವ ಆ ಜಾಗಕ್ಕಿಟ್ಟು ಮತ್ತೆ ಹೊಲಿದಳು. ಆ ಹೊತ್ತಿಗೆ ಅವಳ ಕಣ್ಣು ಇನ್ನಷ್ಟು ಮಂದವಾಗಿತ್ತು, ಹೊಲಿಗೆ ಅಂಕುಡೊಂಕಾಯಿತು.

ನಾನು ಮಗಳೊಡನೆ ಸಂಭಾಜಿನಗರಕ್ಕೆ ಮರಳಿದೆ. ಮರಳದೆ ಏನು ಮಾಡಲಿ ಎಂದು ಆಗ ಅನಿಸಿತ್ತು. ತುಂಡು ಅಷ್ಟರಲ್ಲಿ ಚೂರುಗಳಾಗಿ ಹಂಚಿಹೋಗಿತ್ತು. ತೊಳೆದ ಸಂಗತಿ, ಹೊಲಿದ ಸಂಗತಿ ಯಾವ ಸರ್ಟಿಫಿಕೇಟಿನಲ್ಲೂ ಇರಲಿಲ್ಲ.

ಮಗಳು ಅಂಬೆಗಾಲಿಡುವ ಹೊತ್ತಿಗೆ ಆ ಔಷಧದಂಗಡಿಯ ಗೆಳೆಯ ತನ್ನ ಪಾಲಿನ ಬಿಲ್ಲೆಯನ್ನು ಮಖಮಲ್ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ.

"ವಹಿನಿ, ಹೇ ಬಘಾ! ಒರಿಜಿನಲ್ ಶಿಲಾಯಿ!" ಎಂದು ನೋಡಲು ಕರೆದ. ಪ್ಯಾರಾಚೂಟಿನ ಮೂಲ ಹೊಲಿಗೆಯೇ ತನ್ನ ಚೂರಿನಲ್ಲಿ ಉಳಿದಿದೆ, ಬೇರೆ ಯಾರಿಗೂ ಸಿಕ್ಕಿಲ್ಲ ಎಂದು ಭೂತಗನ್ನಡಿ ಕೊಟ್ಟ. ನೋಡಿದೆ. ಕಿತ್ತಳೆ ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಒಂದೆಳೆ ಕೆಂಪು ದಾರ. ಬಿಚ್ಚುವಾಗ ಅವ್ವನ ಕಣ್ಣು ತಪ್ಪಿಸಿಕೊಂಡದ್ದು.

ನನ್ನ ಗಂಡ ನನ್ನತ್ತ ನೋಡಿದರು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. ಮದುವೆಯಾದ ಮೇಲೆ ಅವರು ನನ್ನನ್ನು ಅಷ್ಟು ದಿಟ್ಟಿಸಿ ನೋಡಿದ್ದು ಅದೇ ಮೊದಲು.

"ಇದು ನಮ್ಮವ್ವನ ಹೊಲಿಗೆ," ಎಂದು ಮರಾಠಿಯಲ್ಲಿ ಹೇಳಿದೆ. "ದೇವಳಾಲಿಯಲ್ಲಿ ಸೋಪು ಹಾಕಿ ತೊಳೆದು, ನನ್ನ ಮಗಳ ಕೌದಿಗೆ ಹೊಲಿದಿದ್ದಳು. ಆಮೇಲೆ ನಿಮಗೋಸ್ಕರ ಇವರು ಅವಳಿಂದಲೇ ಬಿಚ್ಚಿಸಿದರು."

ಅನ್ನದಲ್ಲಿ ಕೂದಲು ಸಿಕ್ಕವನ ಹಾಗಾಯಿತು ಗೆಳೆಯನ ಮುಖ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಬೆರಳು ಒರೆಸಿಕೊಂಡ. ಇದಿನ್ನು ಯಾತಕ್ಕೆ ಬಂತು ಎಂದು ನನ್ನ ಗಂಡನಿಗೆ ಹೇಳಿ, ಖಾಲಿ ಡಬ್ಬಿ ತೆಗೆದುಕೊಂಡು ಹೋದ. ನಾನು ಹಿಟ್ಟಿನ ಕೈಯಲ್ಲೇ ಅದನ್ನೆತ್ತಿ ಸೆರಗಿಗೆ ಕಟ್ಟಿಕೊಂಡೆ.

ಮಗಳನ್ನೂ ಕೌದಿಯನ್ನೂ ಎತ್ತಿಕೊಂಡು ನಾಸಿಕಕ್ಕೆ ಹೋದೆ. ಅವ್ವನಿಗೆ ಆಗಲೇ ಏನೂ ಕಾಣುತ್ತಿರಲಿಲ್ಲ. ಎಲ್ಲವನ್ನೂ ಬೆರಳಲ್ಲೇ ಗುರುತು ಹಿಡಿಯುತ್ತಿದ್ದಳು. ಬಿಲ್ಲೆಯನ್ನು ಅವಳ ಕೈಗಿಟ್ಟೆ. ಹೆಬ್ಬೆರಳು ಅದರ ಮೇಲೆ ಸುತ್ತಿ ಸುತ್ತಿ ಜಾರಿತು.

"ಏನವಾ ಇದು? ಗಾಜು? ಏನೂ ಹತ್ತವಲ್ದು ಕೈಗೆ."

ಒಳಗೆ ನಿನ್ನ ದಾರ ಇದೆ ಎಂದು ಹೇಳಲು ನನ್ನಿಂದಾಗಲಿಲ್ಲ. ಅವಳು ಅದನ್ನು ಬದಿಗಿಟ್ಟು, ಮೊಮ್ಮಗಳು ಮಲಗಿದ್ದ ಕೌದಿಯನ್ನು ತಡವಿದಳು. ನಡುವಿನ ಧೋತರದ ಮೇಲೆ ಬೆರಳು ನಿಂತಿತು.

"ಇಲ್ಲಿ ನೋಡು," ಎಂದಳು, "ಹೊಲಿಗಿ ಸೊಟ್ಟಾಗ್ಯಾದ. ಚಂದಾಗಿಯೇ ಹೊಲದಿದ್ದೆ, ಅಲ್ಲ?"